ತೂಬು ತಾನೇ ತೆರೆದರೆ ಸಾಕೆ?

ಕನ್ನಂಬಾಡಿಯಿಂದ ಎಷ್ಟು ಕ್ಯೂಸೆಕ್ ಬಿಟ್ಟರು ಎಂಬುದು ಪೇಪರಿನ ಸುದ್ದಿ. ಮದ್ದೂರು, ಮಳವಳ್ಳಿಯ ರೈತರು ಕೇಳುವುದೇ ಬೇರೆ: ಕೊನೆಭಾಗಕ್ಕೆ ಮುಟ್ಟಿತಾ? ಕೊಕ್ಕರೆ ಬೆಳ್ಳೂರಿನ ಹುಣಸೆಮರಗಳಲ್ಲಿ ಗೂಡು ಕಟ್ಟುವ ಹೆಜ್ಜಾರ್ಲೆಗಳ ಲೆಕ್ಕವೂ ಅದೇ. ಸುತ್ತಲ ಕೆರೆಗಳಲ್ಲಿ ನೀರಿದ್ದರೆ ಮೀನು, ಮೀನಿದ್ದರೆ ಮರಿ. ತಾನಾಗಿ ಹೊಂದಿಕೊಳ್ಳುವ ತಂತ್ರಾಂಶಕ್ಕೆ ಅಂಕ ಕೊಡುವುದು ಹೇಗೆಂದು ಕಂಪ್ಯೂಟರ್ ವಿಜ್ಞಾನಿಗಳು ತಲೆಕೆಡಿಸಿಕೊಂಡಿರುವುದೂ ಹೆಚ್ಚುಕಡಿಮೆ ಈ ಪ್ರಶ್ನೆಯ ಸುತ್ತಲೇ.

ತಾನಾಗಿ ಹೊಂದಿಕೊಳ್ಳುವ ಯಂತ್ರ ಈ ಸೀಮೆಗೆ ಹೊಸದಲ್ಲ. ನೀರು ಗೊತ್ತಾದ ಮಟ್ಟ ದಾಟಿದರೆ ತೆರೆದುಕೊಂಡು, ಇಳಿದರೆ ಮುಚ್ಚಿಕೊಳ್ಳುವ ಗೇಟುಗಳಿಗೆ ವಿಶ್ವೇಶ್ವರಯ್ಯ 1903ರ ಹೊತ್ತಿಗೇ ಪೇಟೆಂಟ್ ಪಡೆದಿದ್ದರು. ಪುಣೆ ಬಳಿಯ ಖಡಕ್‌ವಾಸ್ಲಾದಲ್ಲಿ ಮೊದಲು ಕೂತ ಅವು ಆಮೇಲೆ ಕನ್ನಂಬಾಡಿಗೂ ಬಂದವು. ಆ ಪೇಟೆಂಟಿಗೂ ಒಂದು ವರ್ಷ ಮುಂಚೆ, 1902ರಲ್ಲಿ, ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದಿತ್ತು. ಜಲವಿದ್ಯುತ್ ಕೇಂದ್ರದಲ್ಲಿ ಬೇಡಿಕೆ ಏರಿಳಿದಂತೆ ಟರ್ಬೈನಿನ ನೀರನ್ನು ಹೆಚ್ಚುಕಡಿಮೆ ಮಾಡಿ ವೇಗ ಕಾಯುವುದು ಗವರ್ನರ್ ಎಂಬ ಸಾಧನದ ಕೆಲಸ. ಅದು ಅತಿ ಚುರುಕಾದರೂ ಕಷ್ಟ: ಜಾಸ್ತಿ ಆಯಿತೆಂದು ತಗ್ಗಿಸಿ, ಕಡಿಮೆ ಆಯಿತೆಂದು ಏರಿಸಿ ಓಲಾಡತೊಡಗುತ್ತದೆ. ಈ ಓಲಾಟ ಯಾವಾಗ ತಣಿಯುತ್ತದೆ, ಯಾವಾಗ ಕೈಮೀರುತ್ತದೆ ಎಂಬುದನ್ನು ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ 1868ರಲ್ಲೇ ಗಣಿತದಲ್ಲಿ ಹಿಡಿದಿದ್ದ.

ತಂತ್ರಾಂಶದವರಿಗೆ ಈ ಪಾಠ ನೆನಪಾಗಲು ನೂರು ವರ್ಷದ ಮೇಲಾಯಿತು. ಕಂಪ್ಯೂಟರ್ ವ್ಯವಸ್ಥೆಗಳನ್ನು ಸಂಭಾಳಿಸುವುದು ಮನುಷ್ಯರ ಕೈಮೀರುತ್ತಿದೆ, ಇನ್ನು ಅವು ತಮ್ಮನ್ನು ತಾವೇ ನೋಡಿಕೊಳ್ಳಲಿ ಎಂದು 2001ರಲ್ಲಿ ಐಬಿಎಂ ಹೇಳಿತು. 2003ರಲ್ಲಿ ಅದೇ ಸಂಸ್ಥೆಯ ಕೆಫಾರ್ಟ್ ಮತ್ತು ಚೆಸ್ ಅದಕ್ಕೊಂದು ಸುತ್ತು ಬರೆದುಕೊಟ್ಟರು: ಗಮನಿಸು, ವಿಶ್ಲೇಷಿಸು, ಯೋಜಿಸು, ಜಾರಿಮಾಡು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು ಪ್ರಯೋಗಕ್ಕೆಂದೇ ಒಂದು ಕಾಲ್ಪನಿಕ ಸುದ್ದಿತಾಣ ಕಟ್ಟಿದರು. ಜನ ಮುಗಿಬಿದ್ದಾಗ ಅದು ಸರ್ವರ್ ಹೆಚ್ಚಿಸಿಕೊಳ್ಳಬೇಕು, ಇಲ್ಲವೇ ಚಿತ್ರ ಬಿಟ್ಟು ಬರೀ ಅಕ್ಷರ ಬಡಿಸಬೇಕು.

ಬದಲಾಯಿತು, ಸರಿ. ಆದರೆ ಚೆನ್ನಾಗಿ ಬದಲಾಯಿತೇ? 2011ರಲ್ಲಿ ಹೊನೊಲುಲುವಿನ ಸಮ್ಮೇಳನದಲ್ಲಿ ಕಂಪ್ಯೂಟರ್ ವಿಜ್ಞಾನಿ ನೋರಾ ವಿಯೇಗಾಸ್ ಮತ್ತು ಸಂಗಡಿಗರು ಮಂಡಿಸಿದ ಚೌಕಟ್ಟು ಹಳೆಯ ನಿಯಂತ್ರಣ ಶಾಸ್ತ್ರದ ಅಳತೆಗೋಲುಗಳನ್ನೇ ತಂತ್ರಾಂಶಕ್ಕೆ ಹಚ್ಚಿತು. ಏರುಪೇರಾದ ಮೇಲೆ ಸ್ಥಿತಿಗೆ ಬರಲು ಎಷ್ಟು ಹೊತ್ತು? ಗುರಿಯನ್ನು ಎಷ್ಟು ಮೀರಿ ಹೋಯಿತು? ಓಲಾಟ ನಿಂತಿತೇ? ಅವರು ಇನ್ನೂ ಒಂದು ಗೆರೆ ಎಳೆದರು. ಆಳುವ ಭಾಗಕ್ಕೊಂದು ಅಳತೆ, ಆಳಿಸಿಕೊಳ್ಳುವ ಭಾಗಕ್ಕೆ ಇನ್ನೊಂದು. ನನ್ನ ಮಟ್ಟಿಗೆ ಇಡೀ ಚೌಕಟ್ಟಿನ ಜೀವಾಳ ಇದೇ. ಮಿಕ್ಕಿದ್ದು ಎಂಜಿನಿಯರುಗಳಿಗೆ ಹಳೇ ಪಾಠ.

ಈ ಗೆರೆ ನಮ್ಮಲ್ಲೂ ಬೇಕು. ಬೆಂಗಳೂರಿನಲ್ಲಿ ವಾಹನದ ಒತ್ತಡ ನೋಡಿ ಹಸಿರು ದೀಪದ ಅವಧಿ ಬದಲಿಸುವ ಸಿಗ್ನಲ್‌ಗಳನ್ನು 165 ಜಂಕ್ಷನ್‌ಗಳಲ್ಲಿ ಹಾಕುವ ಯೋಜನೆ ಹೊರಟಿತು. ತಂತ್ರಾಂಶ ಕೇಂದ್ರ ಸರ್ಕಾರದ ಸಂಸ್ಥೆ ಸಿ-ಡ್ಯಾಕ್‌ನದು. ಒಂದು ಜಂಕ್ಷನ್ನಿನ ಸಾಲು ಕರಗಿ ಮುಂದಿನದರಲ್ಲಿ ಬೆಳೆದರೆ ಸಿಗ್ನಲ್ ಪಾಸು, ರಸ್ತೆ ನಪಾಸು. ಯಾದಗಿರಿಯ ಕೊಡೇಕಲ್‌ನಲ್ಲಿ 2023ರ ಜನವರಿಯಲ್ಲಿ ಉದ್ಘಾಟನೆಯಾದ ನಾರಾಯಣಪುರ ಎಡದಂಡೆ ನಾಲೆ ಯೋಜನೆಯಲ್ಲಿ ಗೇಟುಗಳು ದೂರದಿಂದಲೇ ನೋಡಿ ನಡೆಸುವ ಸ್ಕಾಡಾ ವ್ಯವಸ್ಥೆಯ ಹಿಡಿತದಲ್ಲಿವೆ. ಅಲ್ಲಿಯೂ ಕಂಟ್ರೋಲ್ ರೂಮಿನ ಪರದೆ ಹೇಳುವುದು ಗೇಟಿನ ಮಾತು, ಹೊಲದ್ದಲ್ಲ.

ಹಿಂದೆ ಇರ್ವಿನ್ ನಾಲೆ ಎನಿಸಿಕೊಂಡಿದ್ದ ನಮ್ಮ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಅಂಥದ್ದೇನಾದರೂ ಬಂದರೆ, ಅದರ ಮೊದಲ ಅಳತೆಯಂತ್ರವನ್ನು ಹುಲಿಕೆರೆ ಸುರಂಗದ ಬಾಯಲ್ಲಿಡದೆ ಮಳವಳ್ಳಿಯ ಕೊನೇ ತೂಬಿನಲ್ಲಿಡಬೇಕು. ಪರೀಕ್ಷೆಯನ್ನೂ ಅಣೆಕಟ್ಟೆ ತುಂಬಿ ತುಳುಕುವ ವರ್ಷದಲ್ಲಿ ನಡೆಸಿ ಉಪಯೋಗವಿಲ್ಲ, ಕೆಲವು ದಿನ ಹರಿಸಿ ಕೆಲವು ದಿನ ನಿಲ್ಲಿಸುವ ಕಟ್ಟು ಪದ್ಧತಿಯಲ್ಲಿ ನೀರು ಬಿಡುವ ಬೇಸಿಗೆಯಲ್ಲಿ ನಡೆಸಬೇಕು.