ಬರ್ಲಿನ್‌ನಲ್ಲಿ ಅಗ್ಗದ ಫ್ಲ್ಯಾಟ್, ಅಡ್ವಾನ್ಸ್ ಹಾಕಿದರೆ ಕೊರಿಯರ್‌ನಲ್ಲಿ ಬೀಗದ ಕೈ: ಈ ಸಂದೇಶ ನಂಬಬಹುದೇ?

ಮಗನಿಗೆ ಜರ್ಮನಿಯಲ್ಲಿ ಎಂ.ಎಸ್. ಸೀಟು ಸಿಕ್ಕಿದೆ. ವೀಸಾ ಬಂದಿದೆ, ವಿಮಾನದ ಟಿಕೆಟ್ಟೂ ಆಗಿದೆ. ಇಳಿದ ರಾತ್ರಿ ಎಲ್ಲಿ ಮಲಗುವುದು ಎಂಬುದೊಂದೇ ಬಾಕಿ. ಇಂಥ ಹೊತ್ತಿಗೆ ಸರಿಯಾಗಿ ವಾಟ್ಸ್‌ಆ್ಯಪ್ ಗುಂಪಿಗೋ ಟೆಲಿಗ್ರಾಂ ಚಾನೆಲ್ಲಿಗೋ ಒಂದು ಸಂದೇಶ ಬಂದು ಬೀಳುತ್ತದೆ. ಊರಿನವರು ಒಳ್ಳೆಯ ಮನಸ್ಸಿನಿಂದಲೇ ಅದನ್ನು ಫಾರ್ವರ್ಡ್ ಮಾಡಿರುತ್ತಾರೆ.

ಸಂದೇಶದಲ್ಲಿ ಏನಿರುತ್ತದೆ?

ಹೆಸರು, ನಗರ ಬದಲಾದರೂ ಸಾರ ಹೀಗಿರುತ್ತದೆ: ‘ಬರ್ಲಿನ್ ನಗರದ ಮಧ್ಯದಲ್ಲೇ ಮಂಚ, ಫ್ರಿಜ್, ವಾಷಿಂಗ್ ಮಷಿನ್ ಸಮೇತ ಒಂದು ಬೆಡ್‌ರೂಮಿನ ಫ್ಲ್ಯಾಟ್. ತಿಂಗಳಿಗೆ 400 ಯೂರೊ. ಎರಡು ಮೂರು ತಿಂಗಳಿಗೂ ಕೊಡುತ್ತೇವೆ. ಮಾಲೀಕರು ಕೆಲಸದ ಮೇಲೆ ಬೇರೆ ದೇಶದಲ್ಲಿದ್ದಾರೆ. ಅಡ್ವಾನ್ಸ್ ಹಾಕಿದರೆ ಬೀಗದ ಕೈ ಕೊರಿಯರ್‌ನಲ್ಲಿ ಬರುತ್ತದೆ. ನಮ್ಮ ಹುಡುಗರಿಗೆ ಉಪಯೋಗವಾಗಲಿ, ಶೇರ್ ಮಾಡಿ.’

ಸತ್ಯಾಂಶವೇನು?

ನಂಬಬೇಡಿ. ಮನೆ ತೋರಿಸದೆ ಮೊದಲು ದುಡ್ಡು ಕೇಳುವುದು, ಬೀಗದ ಕೈ ಕೊರಿಯರ್‌ನಲ್ಲಿ ಕಳಿಸುತ್ತೇವೆ ಎನ್ನುವುದು ಬಾಡಿಗೆ ಮೋಸದ ಬಹಳ ಹಳೆಯ ಗುರುತುಗಳು. ಯುರೋಪು, ಅಮೆರಿಕದ ಪೊಲೀಸರೂ ಗ್ರಾಹಕರ ಸಂಘಟನೆಗಳೂ ವರ್ಷಗಳಿಂದ ಇದನ್ನೇ ಹೇಳುತ್ತಾ ಬಂದಿವೆ. ಫೋಟೊದಲ್ಲಿರುವ ಮನೆ ಎಲ್ಲೋ ನಿಜವಾಗಿಯೂ ಇರಬಹುದು. ಆದರೆ ಅದು ಸಂದೇಶ ಕಳಿಸಿದವನದ್ದಲ್ಲ. ಹೋಟೆಲ್ ಬುಕಿಂಗ್ ಪುಟದಿಂದಲೋ ಮನೆ ಮಾರಾಟದ ಜಾಹೀರಾತಿನಿಂದಲೋ ಕದ್ದ ಫೋಟೊ ಅದು.

ಓದಿದವರೂ ಯಾಕೆ ಬೀಳುತ್ತಾರೆ?

ಒಂದು ಲೆಕ್ಕ ನೋಡಿ. ‘ಶ್ರೀರಂಗಪಟ್ಟಣದ ಗಂಜಾಂನಲ್ಲಿ ಎರಡು ಬೆಡ್‌ರೂಮಿನ ಮನೆ, ಎ.ಸಿ. ಸಮೇತ, ತಿಂಗಳಿಗೆ 800 ರೂಪಾಯಿ, ಮಾಲೀಕರು ದುಬೈನಲ್ಲಿದ್ದಾರೆ’ ಎಂದು ಯಾರಾದರೂ ಕಳಿಸಿದರೆ ನೀವು ನಕ್ಕುಬಿಡುತ್ತೀರಿ. ಅಲ್ಲಿನ ಬಾಡಿಗೆ ಎಷ್ಟೆಂದು ನಿಮಗೆ ಗೊತ್ತು. ಅದೇ ಸಂದೇಶ ಬರ್ಲಿನ್‌ನಲ್ಲಿರುವ ಒಬ್ಬರಿಗೆ ಹೋದರೆ, ನಮ್ಮ ದೇಶದಲ್ಲಿ ಎಲ್ಲವೂ ಅಗ್ಗ ಎಂದುಕೊಂಡು ನಂಬಿಯಾರು. ಬರ್ಲಿನ್ ಸಂದೇಶವನ್ನು ನಾವು ನಂಬುವುದೂ ಹೀಗೆಯೇ. ಅಲ್ಲಿನವರಿಗೆ ಕಂಡ ಕೂಡಲೇ ಹೊಳೆಯುವ ಸುಳ್ಳು ನಮಗೆ ಹೊಳೆಯುವುದಿಲ್ಲ.

ಹಾಗಾದರೆ ಅಲ್ಲಿನ ದರ ತಿಳಿಯುವುದು ಹೇಗೆ? ಜರ್ಮನಿಯ ಸರ್ಕಾರ ತನ್ನ ವಿದ್ಯಾರ್ಥಿಗಳಿಗೆ ಕೊಡುವ ‘ಬಾಫೋಗ್’ ನೆರವಿನಲ್ಲಿ, ಮನೆಯವರಿಂದ ದೂರ ಇರುವವರ ವಸತಿಗೆಂದು 2024ರಿಂದ ತಿಂಗಳಿಗೆ 380 ಯೂರೊ ಲೆಕ್ಕ ಹಿಡಿದಿದೆ. ಈ ದುಡ್ಡಿಗೆ ಬರ್ಲಿನ್, ಮ್ಯೂನಿಕ್‌ನಂಥ ನಗರಗಳಲ್ಲಿ ಹಾಸ್ಟೆಲ್ ಬಿಟ್ಟರೆ ಒಂದು ರೂಮು ಸಿಗುವುದೂ ಕಷ್ಟ ಎಂಬುದು ಅಲ್ಲಿನ ವಿದ್ಯಾರ್ಥಿಗಳದ್ದೇ ದೂರು. ಹಾಗಿರುವಾಗ ನಗರದ ಮಧ್ಯದಲ್ಲಿ ಇಡೀ ಫ್ಲ್ಯಾಟು 400 ಯೂರೊಗೆ ಎಲ್ಲಿಂದ ಬಂತು?

ಎರಡನೆಯ ಕಾರಣ ನಮ್ಮ ಅಭ್ಯಾಸ. ಬೆಂಗಳೂರಿನಲ್ಲಿ ಮನೆ ಹಿಡಿದವರಿಗೆ ಹತ್ತು ತಿಂಗಳ ಬಾಡಿಗೆಯಷ್ಟು ಅಡ್ವಾನ್ಸ್ ಕೊಟ್ಟು ಗೊತ್ತು. ಆದ್ದರಿಂದ ಯಾರಾದರೂ ಒಮ್ಮೆಲೇ ದೊಡ್ಡ ಮೊತ್ತ ಕೇಳಿದರೆ ನಮಗೆ ಅನುಮಾನ ಬರುವುದಿಲ್ಲ, ಎಲ್ಲ ಕಡೆಯೂ ಹೀಗೇ ಇರಬೇಕು ಅನ್ನಿಸುತ್ತದೆ. ಹಾಗೇನೂ ಇಲ್ಲ.

ಅಡ್ವಾನ್ಸ್ ಎಷ್ಟು ಕೇಳಬಹುದು ಎಂದು ಕಾನೂನೇ ಹೇಳುತ್ತದೆ

ಜರ್ಮನಿಯಲ್ಲಿ ವಾಸದ ಮನೆಗೆ ಅಡ್ವಾನ್ಸ್ ಮೂರು ತಿಂಗಳ ಬಾಡಿಗೆಯನ್ನು ಮೀರುವಂತಿಲ್ಲ. ಅದೂ ನೀರು, ಹೀಟಿಂಗ್ ಖರ್ಚು ಸೇರಿಸದ ಬರೀ ಬಾಡಿಗೆಯ ಮೇಲಿನ ಲೆಕ್ಕ. ಅದನ್ನು ಮೂರು ಸಮ ಕಂತುಗಳಲ್ಲಿ ಕೊಡುವ ಹಕ್ಕು ಬಾಡಿಗೆದಾರನಿಗಿದೆ. ಮೊದಲ ಕಂತು ಕೊಡಬೇಕಾದದ್ದು ಬಾಡಿಗೆ ಶುರುವಾಗುವಾಗ. ಅಂದರೆ ಬರೀ ಬಾಡಿಗೆ 400 ಯೂರೊ ಇದ್ದರೆ ಅಡ್ವಾನ್ಸ್ ಹೆಚ್ಚೆಂದರೆ 1200 ಯೂರೊ, ಮೊದಲ ಕಂತು 400. ‘ಇವತ್ತೇ 1600 ಹಾಕಿ, ಇಲ್ಲದಿದ್ದರೆ ಬೇರೆಯವರಿಗೆ ಕೊಡುತ್ತೇವೆ’ ಎನ್ನುವವನಿಗೆ ಆ ಕಾನೂನು ಗೊತ್ತಿಲ್ಲ, ಅಥವಾ ನಿಮಗೆ ಗೊತ್ತಿಲ್ಲ ಎಂದು ಅವನಿಗೆ ಗೊತ್ತು.

ಇಂಗ್ಲೆಂಡಿನಲ್ಲಿ 2019ರ ಜೂನ್ 1ರಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ, ವರ್ಷದ ಬಾಡಿಗೆ 50,000 ಪೌಂಡ್‌ಗಿಂತ ಕಡಿಮೆ ಇರುವ ವಾಸದ ಮನೆಗೆ ಅಡ್ವಾನ್ಸ್ ಐದು ವಾರಗಳ ಬಾಡಿಗೆಯನ್ನು ದಾಟುವಂತಿಲ್ಲ. ಮನೆ ಹಿಡಿದಿಡಲು ಕೊಡುವ ಟೋಕನ್ ಹಣ ಒಂದು ವಾರದ ಬಾಡಿಗೆಯನ್ನು ದಾಟುವಂತಿಲ್ಲ. ಸಾಮಾನ್ಯ ಬಾಡಿಗೆ ಕರಾರಿನಲ್ಲಿ ಮಾಲೀಕ ಆ ಅಡ್ವಾನ್ಸನ್ನು 30 ದಿನದೊಳಗೆ ಸರ್ಕಾರ ಒಪ್ಪಿದ ರಕ್ಷಣಾ ಯೋಜನೆಯೊಂದರಲ್ಲಿ ನೋಂದಾಯಿಸಬೇಕು. ‘ಯಾವ ಯೋಜನೆಯಲ್ಲಿ ಇಡುತ್ತೀರಿ?’ ಎಂದು ಕೇಳಿ ನೋಡಿ. ಮೋಸಗಾರ ಮಾತು ತಪ್ಪಿಸುತ್ತಾನೆ.

‘ಮಾಲೀಕರ ಪಾಸ್‌ಪೋರ್ಟ್ ಕಾಪಿ ಕಳಿಸಿದ್ದಾರೆ, ನಿಜವೇ ಇರಬೇಕು’

ಇದು ತಪ್ಪು ತಿಳಿವಳಿಕೆ. ಆ ಪಾಸ್‌ಪೋರ್ಟ್ ಇದಕ್ಕೆ ಮೊದಲು ಮೋಸಹೋದ ಇನ್ನೊಬ್ಬರದ್ದಾಗಿರಬಹುದು. ‘ಅಗ್ರಿಮೆಂಟ್ ಮಾಡಲು ನಿಮ್ಮ ಪಾಸ್‌ಪೋರ್ಟ್ ಕಳಿಸಿ’ ಎಂದು ತರಿಸಿಕೊಂಡು, ಅದನ್ನೇ ಮುಂದಿನವರಿಗೆ ‘ಮಾಲೀಕರ ಪಾಸ್‌ಪೋರ್ಟ್’ ಎಂದು ತೋರಿಸುತ್ತಾರೆ. ನಿಮ್ಮ ಮಗನ ಕಾಪಿ ಕಳಿಸಿದರೆ ನಾಳೆ ಅವನ ಮುಖವೇ ಆ ಕೆಲಸಕ್ಕೆ ಬಳಕೆಯಾದೀತು. ಸೀಲು, ಸಹಿ ಇರುವ ಅಗ್ರಿಮೆಂಟೂ ಅಷ್ಟೆ. ಫೋನಿನಲ್ಲೇ ಹತ್ತು ನಿಮಿಷದಲ್ಲಿ ತಯಾರಾಗುತ್ತದೆ.

ಇನ್ನೊಂದು ಬಗೆಯೂ ಇದೆ. ‘ಏರ್‌ಬಿಎನ್‌ಬಿ ಮೂಲಕವೇ ಕಟ್ಟಿ’ ಎಂದು ಲಿಂಕ್ ಕಳಿಸುತ್ತಾರೆ. ನೋಡಲು ಅದೇ ಪುಟ, ವಿಳಾಸದಲ್ಲಿ ಒಂದೆರಡು ಅಕ್ಷರ ಬೇರೆ. ನಿಜವಾದ ಆ್ಯಪ್‌ನಲ್ಲಿ ನೀವು ಕಟ್ಟಿದ ಹಣ ಮಾಲೀಕನಿಗೆ ಹೋಗುವುದು ಸಾಮಾನ್ಯವಾಗಿ ನೀವು ಮನೆ ಸೇರಿ ಒಂದು ದಿನ ಕಳೆದ ಮೇಲೆ. ಆದ್ದರಿಂದಲೇ ಮೋಸಗಾರ ನಿಮ್ಮನ್ನು ಆ್ಯಪ್‌ನಿಂದ ಹೊರಗೆ ವಾಟ್ಸ್‌ಆ್ಯಪ್‌ಗೆ, ಅಲ್ಲಿಂದ ಬ್ಯಾಂಕ್ ಖಾತೆಗೆ ಕರೆದೊಯ್ಯುತ್ತಾನೆ. ಮಾತುಕತೆಯೂ ಹಣವೂ ಆ್ಯಪ್‌ನೊಳಗೇ ಇರಲಿ. ಲಿಂಕ್ ಒತ್ತದೆ, ಆ್ಯಪ್ ನೀವೇ ತೆರೆದು ಹುಡುಕಿ.

‘ಆನ್‌ಮೆಲ್ಡುಂಗ್ ಇಲ್ಲ, ಆದ್ದರಿಂದ ಅಗ್ಗ’

ಇದು ಪೂರ್ತಿ ಸುಳ್ಳಲ್ಲ, ಆದರೆ ವಿದ್ಯಾರ್ಥಿಗೆ ದುಬಾರಿ. ಜರ್ಮನಿಯಲ್ಲಿ ಮನೆ ಸೇರಿದ ಎರಡು ವಾರದೊಳಗೆ ಸ್ಥಳೀಯ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಇದಕ್ಕೇ ‘ಆನ್‌ಮೆಲ್ಡುಂಗ್’ ಎನ್ನುವುದು. ‘ಇವರು ನನ್ನ ಮನೆಗೆ ಬಂದಿದ್ದಾರೆ’ ಎಂದು ಮನೆ ಕೊಟ್ಟವರು ಸಹಿ ಹಾಕಿದ ಪತ್ರ ಅದಕ್ಕೆ ಬೇಕು. 2015ರ ನವೆಂಬರ್‌ನಿಂದ ಈ ಪತ್ರ ಕಡ್ಡಾಯ. ನೋಂದಣಿ ಆಗದಿದ್ದರೆ ತೆರಿಗೆ ಸಂಖ್ಯೆ, ವಾಸದ ಪರವಾನಗಿ ಎಲ್ಲವೂ ತಡವಾಗುತ್ತವೆ. ಮನೆ ನಿಜವೇ ಆಗಿದ್ದರೂ ಈ ಪತ್ರ ಕೊಡುವುದಿಲ್ಲ ಎನ್ನುವವರ ಹತ್ತಿರ ತಿಂಗಳುಗಟ್ಟಲೆ ಇರುವ ಕರಾರು ಮಾಡಿಕೊಳ್ಳಬೇಡಿ.

‘ವಿಳಾಸ ಮಾತ್ರ ಕೊಡುತ್ತೇವೆ, ಇಷ್ಟು ದುಡ್ಡು’ ಎನ್ನುವ ಸಂದೇಶಗಳೂ ಓಡಾಡುತ್ತವೆ. ವಾಸವಿಲ್ಲದ ಮನೆಯ ವಿಳಾಸ ಹೀಗೆ ಕೊಡುವುದು ಅಲ್ಲಿ ಅಪರಾಧ. ಕೊಟ್ಟವರಿಗೆ 50,000 ಯೂರೊವರೆಗೆ ದಂಡ ಬೀಳಬಹುದು, ನೋಂದಾಯಿಸಿದವರಿಗೂ ದಂಡವಿದೆ. ಮಕ್ಕಳನ್ನು ನೋಡಲು ಹೋಗುವ ತಂದೆತಾಯಿಗೆ ಈ ಚಿಂತೆ ಇಲ್ಲ. ಬೇರೆ ದೇಶದಲ್ಲಿ ವಾಸವಿದ್ದು ಮೂರು ತಿಂಗಳೊಳಗೆ ಮರಳುವವರು ನೋಂದಾಯಿಸಬೇಕಿಲ್ಲ.

‘ಆ್ಯಪ್‌ನಲ್ಲಿ ಇದೆ ಅಂದಮೇಲೆ ಕಾನೂನುಬದ್ಧವೇ’

ಎಲ್ಲ ನಗರದಲ್ಲೂ ಹಾಗಲ್ಲ. ಮಗಳ ಬಾಣಂತನಕ್ಕೆಂದು ಹೋಗಿ, ಅವಳ ಮನೆ ಚಿಕ್ಕದಾದ್ದರಿಂದ ಪಕ್ಕದಲ್ಲೇ ಒಂದು ಫ್ಲ್ಯಾಟು ಹಿಡಿಯುವವರು ಇದನ್ನು ಗಮನಿಸಬೇಕು.

ಸಿಂಗಪುರದಲ್ಲಿ ಖಾಸಗಿ ಅಪಾರ್ಟ್‌ಮೆಂಟನ್ನು ಮೂರು ತಿಂಗಳಿಗಿಂತ ಕಡಿಮೆ ಅವಧಿಗೆ ಬಾಡಿಗೆಗೆ ಕೊಡುವಂತಿಲ್ಲ. ಎಚ್.ಡಿ.ಬಿ. ಎಂದು ಕರೆಯುವ ಸರ್ಕಾರಿ ವಸತಿಯ ಫ್ಲ್ಯಾಟಿಗೆ ಕನಿಷ್ಠ ಅವಧಿ ಆರು ತಿಂಗಳು. ನ್ಯೂಯಾರ್ಕ್ ನಗರದಲ್ಲಿ 30 ದಿನಕ್ಕಿಂತ ಕಡಿಮೆ ಅವಧಿಗೆ ಕೊಡುವ ಮಾಲೀಕ ನಗರಾಡಳಿತದಲ್ಲಿ ನೋಂದಾಯಿಸಿರಬೇಕು, ತಾನೂ ಅದೇ ಮನೆಯಲ್ಲಿರಬೇಕು. ಇಬ್ಬರಿಗಿಂತ ಹೆಚ್ಚು ಅತಿಥಿಗಳು ಇರುವಂತಿಲ್ಲ. ಈ ನಿಯಮ 2023ರ ಸೆಪ್ಟೆಂಬರ್‌ನಿಂದ ಕಟ್ಟುನಿಟ್ಟಾಗಿದೆ. ಲಂಡನ್ನಿನಲ್ಲಿ ವಿಶೇಷ ಅನುಮತಿ ಇಲ್ಲದೆ ಇಡೀ ಮನೆಯನ್ನು ವರ್ಷಕ್ಕೆ 90 ರಾತ್ರಿಗಿಂತ ಹೆಚ್ಚು ಹೀಗೆ ಕೊಡುವಂತಿಲ್ಲ. ಇಂಥ ಕಡೆ ನಿಯಮ ಮೀರಿದ ಮನೆ ಹಿಡಿದರೆ, ಬುಕಿಂಗ್ ರದ್ದಾಗಿ ಲಗೇಜಿನ ಜೊತೆ ಬೀದಿಯಲ್ಲಿ ನಿಲ್ಲುವವರು ನೀವು. ಅವಧಿ ಕಡಿಮೆ ಇದ್ದರೆ ಪರವಾನಗಿ ಇರುವ ಹಾಸ್ಟೆಲ್ ಅಥವಾ ಸರ್ವಿಸ್ ಅಪಾರ್ಟ್‌ಮೆಂಟ್ ಸುರಕ್ಷಿತ.

ಮುಂಬೈ ಕಲಿಸಿದ ಪಾಠ

ಕೆ.ಆರ್.ಪೇಟೆ, ನಾಗಮಂಗಲ, ಪಾಂಡವಪುರ ಕಡೆಯಿಂದ ಮುಂಬೈಗೆ ದುಡಿಯಲು ಹೋದವರು ಬಹಳ ಮಂದಿ. ಎಷ್ಟು ಮಂದಿ ಎಂಬುದು ಇಡೀ ರಾಜ್ಯಕ್ಕೆ ತಿಳಿದದ್ದು 2020ರ ಮೇ ತಿಂಗಳಲ್ಲಿ, ಕೋವಿಡ್ ಲಾಕ್‌ಡೌನ್ ನಡುವೆ ಅವರು ಊರಿಗೆ ಮರಳಿ ಕ್ವಾರಂಟೈನ್ ಆದಾಗ. ಭಾಷೆ ಬಾರದ ಊರಿನಲ್ಲಿ ಅವರಿಗೆ ಮನೆ ಸಿಕ್ಕಿದ್ದು ಹೇಗೆ? ಮೊದಲು ಊರಿನವರದ್ದೋ ನೆಂಟರದ್ದೋ ಖೋಲಿಯಲ್ಲಿ ಕೆಲವು ದಿನ, ಆಮೇಲೆ ಆ ಪರಿಚಯದವರೇ ಹೋಗಿ ನೋಡಿ, ಮಾತಾಡಿ ಕೊಡಿಸಿದ ಬಾಡಿಗೆ ಮನೆ. ಆ ಮನೆಯನ್ನು ಯಾರೋ ಒಬ್ಬರು ಕಣ್ಣಾರೆ ಕಂಡಿರುತ್ತಿದ್ದರು. ಹೆಚ್ಚುಕಮ್ಮಿಯಾದರೆ ಕೇಳಲು ಒಂದು ಮುಖ ಇರುತ್ತಿತ್ತು.

ಬರ್ಲಿನ್‌ಗೆ ಹೋಗುವ ಹುಡುಗನ ಫೋನಿನಲ್ಲಿ ಹತ್ತು ಫೋಟೊ ಇರುತ್ತವೆ, ಆ ಮುಖ ಮಾತ್ರ ಇರುವುದಿಲ್ಲ. ಮೋಸ ನಡೆಯುವುದು ಈ ಜಾಗದಲ್ಲೇ. ಆದ್ದರಿಂದ ಯಾವ ಸಂದೇಶ ಬಂದರೂ ಕೇಳಬೇಕಾದ ಮೊದಲ ಪ್ರಶ್ನೆ ಒಂದೇ: ಈ ಮನೆಯೊಳಗೆ ಕಾಲಿಟ್ಟು ನೋಡಿದ, ನಮಗೆ ಗುರುತಿರುವ ಮನುಷ್ಯ ಯಾರು? ಫಾರ್ವರ್ಡ್ ಮಾಡಿದವರು ಪರಿಚಯದವರು ಎಂಬುದು ಇದಕ್ಕೆ ಉತ್ತರವಲ್ಲ. ಅವರಿಗೂ ಅದು ಇನ್ನೊಬ್ಬರಿಂದ ಬಂದದ್ದು.

ಹಾಗಾದರೆ ಕಡಿಮೆ ಖರ್ಚಿನಲ್ಲಿ ಮನೆ ಹುಡುಕುವುದು ಹೇಗೆ?

1. ಮೊದಲ ಎರಡು ವಾರಕ್ಕೆ ಬೇರೆ ವ್ಯವಸ್ಥೆ ಇರಲಿ. ರದ್ದು ಮಾಡಲು ಅವಕಾಶವಿರುವ ಯೂತ್ ಹಾಸ್ಟೆಲ್ ಅಥವಾ ಅಗ್ಗದ ಹೋಟೆಲ್ ಬುಕ್ ಮಾಡಿ. ಅಲ್ಲಿದ್ದುಕೊಂಡು ಮನೆಗಳನ್ನು ಕಣ್ಣಾರೆ ನೋಡಿ. ಈ ಖರ್ಚು ಹೆಚ್ಚು ಅನ್ನಿಸಬಹುದು. ಕಳೆದುಹೋಗುವ ಅಡ್ವಾನ್ಸಿಗೆ ಹೋಲಿಸಿದರೆ ಕಡಿಮೆಯೇ.

2. ಸೀಟು ಖಚಿತವಾದ ದಿನವೇ ಹಾಸ್ಟೆಲ್‌ಗೆ ಅರ್ಜಿ ಹಾಕಿ. ಜರ್ಮನಿಯಲ್ಲಿ ‘ಸ್ಟುಡಿಯರೆಂಡನ್‌ವೆರ್ಕ್’ ಎಂಬ ಸಂಸ್ಥೆಗಳು ವಿದ್ಯಾರ್ಥಿಗಳಿಗೆ ಕಡಿಮೆ ಬಾಡಿಗೆಯ ರೂಮು ಕೊಡುತ್ತವೆ. ಕಾಯುವವರ ಪಟ್ಟಿ ಉದ್ದವಿರುತ್ತದೆ, ಆದ್ದರಿಂದ ವೀಸಾ ಬರಲಿ ಎಂದು ಕಾಯಬೇಡಿ.

3. ಇಡೀ ಫ್ಲ್ಯಾಟಿನ ಬದಲು ರೂಮು ಹುಡುಕಿ. ನಾಲ್ಕೈದು ಜನ ಅಡುಗೆಮನೆ ಹಂಚಿಕೊಳ್ಳುವ ‘ವೇ-ಗೇ’ ಮನೆಗಳು ಅಲ್ಲಿ ಸಾಮಾನ್ಯ. ಒಬ್ಬರು ಕೆಲವು ತಿಂಗಳು ಬೇರೆಡೆ ಹೋದಾಗ ರೂಮನ್ನು ಅಷ್ಟು ದಿನಕ್ಕೆ ಕೊಡುವುದಕ್ಕೆ ‘ತ್ಸ್ವಿಷೆನ್‌ಮೀಟೆ’ ಎನ್ನುತ್ತಾರೆ. ಕಡಿಮೆ ಅವಧಿಗೆ ಇದೇ ಒಳ್ಳೆಯ ದಾರಿ. ಒಳಬಾಡಿಗೆಗೆ ಮಾಲೀಕರ ಒಪ್ಪಿಗೆ ಇದೆಯೇ ಎಂದು ಬರಹದಲ್ಲಿ ಕೇಳಿ.

4. ಬಾಡಿಗೆಯಲ್ಲಿ ಏನೇನು ಸೇರಿದೆ ಕೇಳಿ. ‘ಕಾಲ್ಟ್‌ಮೀಟೆ’ ಅಂದರೆ ಬರೀ ಬಾಡಿಗೆ. ‘ವಾರ್ಮ್‌ಮೀಟೆ’ಯಲ್ಲಿ ನೀರು, ಹೀಟಿಂಗ್ ಮುಂತಾದವು ಸೇರಿರುತ್ತವೆ. ಕರೆಂಟು, ಇಂಟರ್‌ನೆಟ್ ಬೇರೆ ಇರಬಹುದು. ಚಳಿಗಾಲದಲ್ಲಿ ಈ ವ್ಯತ್ಯಾಸ ದೊಡ್ಡದು. ವಿದ್ಯಾರ್ಥಿ ವೀಸಾಗೆ ಬ್ಲಾಕ್ಡ್ ಖಾತೆಯಲ್ಲಿ ಇಡಬೇಕಾದ ಮೊತ್ತ 2024ರ ಸೆಪ್ಟೆಂಬರ್‌ನಿಂದ ವರ್ಷಕ್ಕೆ 11,904 ಯೂರೊ, ಅಂದರೆ ತಿಂಗಳಿಗೆ 992. ಊಟ, ಇನ್ಶೂರೆನ್ಸ್, ಬಾಡಿಗೆ ಎಲ್ಲವೂ ಇದರೊಳಗೇ ಆಗಬೇಕು.

5. ಆ ಊರಿನಲ್ಲಿರುವ ಒಬ್ಬರನ್ನು ಕಳಿಸಿ. ಅದೇ ಕಾಲೇಜಿನ ಸೀನಿಯರ್ ಇರಬಹುದು, ಕನ್ನಡ ಸಂಘದವರು ಇರಬಹುದು. ಫ್ರಾಂಕ್‌ಫರ್ಟ್ ಸುತ್ತ ರೈನ್ ಮೈನ್ ಕನ್ನಡ ಸಂಘ, ಬ್ರಿಟನ್ನಿನಲ್ಲಿ ಕನ್ನಡ ಬಳಗ ಯು.ಕೆ. ಇವೆ. ಇವರು ಮನೆ ಕೊಡಿಸುವ ಏಜೆಂಟರಲ್ಲ. ಆದರೆ ‘ಅಣ್ಣಾ, ಈ ವಿಳಾಸಕ್ಕೆ ಒಂದ್ಸಲ ಹೋಗಿ ನೋಡ್ತೀರಾ?’ ಎಂದು ಕೇಳಲು ಒಬ್ಬರು ಸಿಕ್ಕಾರು.

6. ಯಾರೂ ಇಲ್ಲವಾದರೆ ಲೈವ್ ವಿಡಿಯೊ ಕರೆ ಮಾಡಿಸಿ. ಬೀದಿಯ ಬೋರ್ಡು, ಮನೆ ನಂಬರಿನಿಂದ ಶುರುಮಾಡಿ ಕರೆ ಕಡಿಯದೆ ಒಳಗಿನ ರೂಮಿನವರೆಗೆ ನಡೆದು ತೋರಿಸಲಿ. ರೆಕಾರ್ಡ್ ಮಾಡಿದ ವಿಡಿಯೊ ಲೆಕ್ಕಕ್ಕಿಲ್ಲ. ಫೋಟೊಗಳನ್ನು ಗೂಗಲ್ ಲೆನ್ಸ್‌ಗೆ ಹಾಕಿ ನೋಡಿ. ಅದೇ ಸೋಫಾ ಇನ್ನೊಂದು ದೇಶದ ಜಾಹೀರಾತಿನಲ್ಲಿ ಕಂಡರೆ ಅಲ್ಲಿಗೆ ಮಾತು ಮುಗಿಯಿತು. ವಿಡಿಯೊ ಸರಿಯಾಗಿದ್ದರೂ ದೊಡ್ಡ ಮೊತ್ತ ಕೊಡುವುದು ಬೀಗದ ಕೈ ಕೈಗೆ ಬಂದ ಮೇಲೆಯೇ.

ದುಡ್ಡು ಹಾಕಿಬಿಟ್ಟಿದ್ದರೆ?

ನಾಚಿಕೆಪಟ್ಟು ಸುಮ್ಮನಿರಬೇಡಿ, ಇಲ್ಲಿ ಗಂಟೆಗಳೂ ಲೆಕ್ಕಕ್ಕೆ ಬರುತ್ತವೆ. ‘ಮಾಲೀಕರ ತಮ್ಮನ ಖಾತೆ’ ಎಂದು ಭಾರತದ್ದೇ ಯುಪಿಐ ಅಥವಾ ಬ್ಯಾಂಕ್ ಖಾತೆಗೆ ಹಾಕಿಸಿಕೊಂಡಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಿ. ಹಣ ಮುಂದಕ್ಕೆ ಹೋಗುವ ಮೊದಲು ತಡೆಹಿಡಿಯುವ ಅವಕಾಶ ಇರುತ್ತದೆ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದೂರು ದಾಖಲಿಸಿ. ಮಂಡ್ಯ ಜಿಲ್ಲೆಯವರು ಹತ್ತಿರದ ಠಾಣೆಗೆ ಅಥವಾ ಮಂಡ್ಯದ ಸಿಇಎನ್ ಠಾಣೆಗೆ ಹೋಗಬಹುದು. ವಿದೇಶಿ ಖಾತೆಗೆ ಬ್ಯಾಂಕಿನಿಂದ ಕಳಿಸಿದ್ದರೆ ಅದೇ ದಿನ ಶಾಖೆಗೆ ಹೋಗಿ, ವಾಪಸ್ ಕರೆಸಲು ಬರಹದಲ್ಲಿ ಕೇಳಿ. ಸಿಕ್ಕೇ ಸಿಗುತ್ತದೆ ಎಂಬ ಭರವಸೆ ಇಲ್ಲ, ಆದರೆ ತಡವಾದಷ್ಟೂ ಕಷ್ಟ. ಚಾಟ್, ಲಿಂಕ್, ಖಾತೆ ಸಂಖ್ಯೆ ಯಾವುದನ್ನೂ ಡಿಲೀಟ್ ಮಾಡಬೇಡಿ. ಪಾಸ್‌ಪೋರ್ಟ್ ಕಾಪಿ ಕಳಿಸಿದ್ದರೆ ದೂರಿನಲ್ಲಿ ಅದನ್ನೂ ಬರೆಯಿಸಿ.

ಫಾರ್ವರ್ಡ್ ಮಾಡುವ ಮುನ್ನ

ಹೊರದೇಶಕ್ಕೆ ಮಕ್ಕಳನ್ನು ಕಳಿಸಲು ಎಷ್ಟೋ ಮನೆಗಳಲ್ಲಿ ಜಮೀನಿನ ಮೇಲೆ ಸಾಲ ಎತ್ತಿರುತ್ತಾರೆ, ಕಬ್ಬಿನ ಬಿಲ್ಲಿನ ದುಡ್ಡು ಕೂಡಿಟ್ಟಿರುತ್ತಾರೆ. ಆ ದುಡ್ಡಿನಿಂದ ಹೋಗುವ ಒಂದೂವರೆ ಲಕ್ಷ ರೂಪಾಯಿ ಸಣ್ಣ ಮೊತ್ತವಲ್ಲ. ಚಳಿಗಾಲದ ರಾತ್ರಿ ಎರಡು ಸೂಟ್‌ಕೇಸ್ ಹಿಡಿದು, ಇಲ್ಲದ ವಿಳಾಸದ ಮುಂದೆ ನಿಲ್ಲುವುದೂ ಸಣ್ಣ ಕಷ್ಟವಲ್ಲ. ಅಗ್ಗದ ಮನೆಯ ಸಂದೇಶ ಬಂದರೆ ಗುಂಪಿಗೆ ಹಾಕುವ ಮೊದಲು ಕಳಿಸಿದವರನ್ನೇ ಕೇಳಿ: ‘ಈ ಮನೆ ನೀವು ನೋಡಿದ್ದೀರಾ? ನೋಡಿದವರ ಫೋನ್ ನಂಬರ್ ಕೊಡ್ತೀರಾ?’ ಎರಡಕ್ಕೂ ಉತ್ತರ ಸಿಗದಿದ್ದರೆ ಆ ಸಂದೇಶ ನಿಮ್ಮ ಫೋನಿನಲ್ಲೇ ನಿಲ್ಲಲಿ.