ಬೂಟು ಕಳಚಿದ ಮೇಲಿನ ಬದುಕು

35ರ ಆಸುಪಾಸಿಗೆ ಫುಟ್‌ಬಾಲ್ ಆಟಗಾರನಿಗೆ ನಿವೃತ್ತಿ. ಮುಂದೇನು?

ನಾನು ಬೆಂಗಳೂರಿನ ಅಶೋಕನಗರ ಕ್ರೀಡಾಂಗಣದ ಗ್ಯಾಲರಿಯಲ್ಲಿ ಕೂತು ಕೂಗುತ್ತಿದ್ದ ಕಾಲದಲ್ಲಿ ಈ ಪ್ರಶ್ನೆಗೆ ಉತ್ತರ ಸಲೀಸಾಗಿತ್ತು. ಐಟಿಐ, ಎಚ್‌ಎಎಲ್ ತಂಡಗಳ ಎಷ್ಟೋ ಆಟಗಾರರು ಕಾರ್ಖಾನೆಯ ನೌಕರರೂ ಆಗಿದ್ದರು. ಆಟ ನಿಂತರೂ ಸಂಬಳ ನಿಲ್ಲುತ್ತಿರಲಿಲ್ಲ. ಈಗಿನ ಕ್ಲಬ್ಬುಗಳದ್ದು ಕರಾರಿನ ಲೆಕ್ಕ. ಅವಧಿ ಮುಗಿದರೆ ಕೆಲಸವೂ ಮುಗಿಯಿತು.

ಹಲವರು ಕೋಚ್ ಆಗಲು ಹೊರಡುತ್ತಾರೆ. ಅದಕ್ಕೂ ಮೆಟ್ಟಿಲು ಮೆಟ್ಟಿಲಾಗಿ ಲೈಸೆನ್ಸ್ ಪಡೆಯಬೇಕು. ನಮ್ಮ ಬೆಂಗಳೂರಿನ ಕಾರ್ಲ್‌ಟನ್ ಚಾಪ್‌ಮನ್ ಹಿಡಿದದ್ದು ಇದೇ ದಾರಿ. ಮತ್ತೊಬ್ಬ ಆಟಗಾರ ಐ.ಎಂ. ವಿಜಯನ್ ಕೇರಳ ಪೊಲೀಸ್ ನೌಕರಿಯ ಜೊತೆಗೆ ಸಿನಿಮಾದಲ್ಲೂ ನಟಿಸಿದರು. ರಾಜಕೀಯಕ್ಕಿಳಿದ ಫುಟ್‌ಬಾಲ್ ಆಟಗಾರ ಜಾರ್ಜ್ ವೇಯಾ 2005ರ ಚುನಾವಣೆಯಲ್ಲಿ ಸೋತರು, ಮತ್ತೆ ಓದಿದರು, 2018ರಲ್ಲಿ ಲೈಬೀರಿಯಾದ ಅಧ್ಯಕ್ಷರಾದರು.

ಹುಡುಗರಿಗೆ ನಾನು ಹೇಳುವುದಿಷ್ಟೆ: ಕರಾರಿಗೆ ಸಹಿ ಹಾಕಿದ ದಿನವೇ ಕಾಲೇಜಿನ ಅರ್ಜಿಯನ್ನೂ ತುಂಬಿಬಿಡಿ.