ಉಳಿಸದೇ ಹೋದ ನೌಕೆಗಳು

ಅಮೆರಿಕದ ಕಿರುತೆರೆಯಲ್ಲಿ 1994ರಿಂದ 1998ರವರೆಗೆ ಪ್ರಸಾರವಾದ ‘ಬ್ಯಾಬಿಲಾನ್ 5’ ಎಂಬ ವೈಜ್ಞಾನಿಕ ಧಾರಾವಾಹಿಯನ್ನು ನಾನು ನೋಡಿದ್ದು ನಿವೃತ್ತಿಯ ಬಳಿಕ. 23ನೆಯ ಶತಮಾನದಲ್ಲಿ, ಸುಮಾರು ಎಂಟು ಕಿಲೋಮೀಟರ್ ಉದ್ದದ ಬಾಹ್ಯಾಕಾಶ ನಿಲ್ದಾಣವೊಂದರಲ್ಲಿ ಮನುಷ್ಯರೂ ಅನ್ಯಲೋಕದ ರಾಯಭಾರಿಗಳೂ ಸಂಧಾನ ನಡೆಸುವ ಕಥೆ ಅದು. ಅಲ್ಲಿಯೂ ಸರಕು ಕಾರ್ಮಿಕರ ಮುಷ್ಕರವಿದೆ, ಅನುದಾನದ ಕೊರತೆಯಿದೆ. ಆಡಳಿತದಲ್ಲಿ ದುಡಿದ ನನಗೆ ಆ ಲೋಕ ಪರಕೀಯವೆನಿಸಲಿಲ್ಲ.

ನನ್ನ ಗಮನವನ್ನು ಹೆಚ್ಚು ಸೆಳೆದದ್ದು ಅದರ ನೌಕೆಗಳು. ಅದುವರೆಗೆ ಇಂಥ ಧಾರಾವಾಹಿಗಳಲ್ಲಿ ನೌಕೆಯೆಂದರೆ ಮರ, ಪ್ಲಾಸ್ಟಿಕ್‌ಗಳಿಂದ ಕಟ್ಟಿದ ಮಾದರಿ. 1966ರ ‘ಸ್ಟಾರ್ ಟ್ರೆಕ್’ನ ಎಂಟರ್‌ಪ್ರೈಸ್ 11 ಅಡಿ ಉದ್ದವಿತ್ತು. ಬ್ಯಾಬಿಲಾನ್‌ನ ನೌಕೆಗಳಾದರೋ ಕಂಪ್ಯೂಟರಿನೊಳಗೇ ರೂಪುಗೊಂಡವು. ಹಿಂದೆ ಬ್ರಿಟನ್ನಿನಲ್ಲಿ ಕೈಯಾರೆ ಮಾದರಿಗಳನ್ನು ತಯಾರಿಸುತ್ತಿದ್ದ ರಾನ್ ಥಾರ್ನ್‌ಟನ್ ಮತ್ತು ಅವರ ತಂಡ, 1993ರ ಆರಂಭಿಕ ಚಿತ್ರಕ್ಕೆ ಅಮಿಗ ಎಂಬ ಅಗ್ಗದ ಕಂಪ್ಯೂಟರುಗಳನ್ನು ಬಳಸಿ ಎಮ್ಮಿ ಪ್ರಶಸ್ತಿ ಗಳಿಸಿತು.

ಡಿಜಿಟಲ್ ಶಿಲ್ಪಿ ಬಿಂದುಗಳನ್ನು ಜೋಡಿಸಿ ಮೇಲ್ಮೈ ಕಟ್ಟುತ್ತಾನೆ. ಅದಕ್ಕೆ ಬಣ್ಣ, ಗೀರು, ಮಸಿ ಹಚ್ಚಿ ಬೆಳಕು ಹಾಯಿಸುತ್ತಾನೆ. ಇದು ಕೇವಲ ಅಲಂಕಾರವಲ್ಲ. ‘ಸ್ಟಾರ್‌ಫ್ಯೂರಿ’ ಎಂಬ ಯುದ್ಧನೌಕೆಯ ನಾಲ್ಕು ತೋಳುಗಳ ತುದಿಯಲ್ಲಿ ಎಂಜಿನ್‌ಗಳಿವೆ. ಗಾಳಿಯಿಲ್ಲದ ಕಡೆ ರೆಕ್ಕೆಯಿಂದ ಪ್ರಯೋಜನವಿಲ್ಲ. ಆದ್ದರಿಂದ ಅದು ಮುಂದಕ್ಕೆ ಸಾಗುತ್ತಿರುವಾಗಲೇ ಥಟ್ಟನೆ ಹಿಮ್ಮುಖವಾಗಿ ತಿರುಗಿ ಗುಂಡು ಹಾರಿಸಬಲ್ಲದು. ನ್ಯೂಟನ್ನನನ್ನು ಇಷ್ಟು ಗೌರವಿಸಿದ ಧಾರಾವಾಹಿಗಳು ವಿರಳ.

ಅರ್ಥಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ಇಲ್ಲಿ ಎರಡನೆಯ ನೌಕೆಯ ಸೀಮಾಂತ ವೆಚ್ಚ ಹೆಚ್ಚುಕಡಿಮೆ ಸೊನ್ನೆ. ಒಂದನ್ನು ಕಟ್ಟಿದರೆ ನೂರರ ಪಡೆ ಸಿದ್ಧ. ಅನರ್ಥಕ್ಕೆ ಮೂಲವೂ ಬಹುಶಃ ಇದೇ. ನಕಲು ಮಾಡಲು ಖರ್ಚಿಲ್ಲದ ವಸ್ತುವನ್ನು ಕಾಪಾಡಲು ಖರ್ಚು ಮಾಡಬೇಕೆಂದು ಯಾರಿಗೂ ತೋಚಲಿಲ್ಲ.

ನಟರ ದೃಶ್ಯಗಳನ್ನು ಅಗಲ ಪರದೆಗೂ ಒಗ್ಗುವಂತೆ ಫಿಲ್ಮಿನಲ್ಲಿ ಚಿತ್ರೀಕರಿಸಲಾಗಿತ್ತು. ನೌಕೆಗಳ ದೃಶ್ಯಗಳು ಮಾತ್ರ ಅಂದಿನ ಟಿ.ವಿ.ಯ ಅಳತೆಗೇ ಸಿದ್ಧವಾಗಿದ್ದವು. 2002ರಿಂದ ಅಗಲ ಪರದೆಯ ಡಿವಿಡಿಗಳು ಬಂದಾಗ ಅವುಗಳ ಮೇಲ್ಭಾಗ, ಕೆಳಭಾಗ ಕತ್ತರಿಸಿ ಹಿಗ್ಗಿಸಬೇಕಾಯಿತು, ಚಿತ್ರ ಮಸುಕಾಯಿತು. ಹೊಸದಾಗಿ ರೂಪಿಸೋಣವೆಂದರೆ ಮೂಲ ಕಡತಗಳನ್ನು ಜೋಪಾನ ಮಾಡಿರಲಿಲ್ಲ. ಕೊನೆಯ ಎರಡು ಋತುಗಳ ನೌಕಾದೃಶ್ಯಗಳನ್ನು ರಚಿಸಿದ್ದ ನೆಟರ್ ಡಿಜಿಟಲ್ ಸಂಸ್ಥೆ 2000ದಲ್ಲೇ ಮುಚ್ಚಿತ್ತು. 2021ರ ಪರಿಷ್ಕೃತ ಆವೃತ್ತಿಯಲ್ಲಿ ಹಳೆಯ ಅಳತೆಗೇ ಮರಳಿ ಫಿಲ್ಮನ್ನು ಹೊಸದಾಗಿ ಸ್ಕ್ಯಾನ್ ಮಾಡಲಾಯಿತು. ನೌಕೆಗಳ ಹಳೆಯ ಚಿತ್ರಗಳನ್ನೇ ಹಿಗ್ಗಿಸಲಾಯಿತು. ನಟರ ಮುಖದ ಸುಕ್ಕು ಕೂಡ ಸ್ಪಷ್ಟವಾಗಿ ಕಾಣುವಾಗ, ಮರುಕ್ಷಣದ ನೌಕೆ ಮಂಜಿನಲ್ಲಿ ಮುಳುಗಿದಂತಿರುತ್ತದೆ.

ಸರ್ಕಾರಿ ಕಚೇರಿಯಲ್ಲಿ ಹಳೆಯ ಕಡತ ನಾಶಪಡಿಸಲೂ ಒಬ್ಬ ಅಧಿಕಾರಿಯ ಸಹಿ ಬೇಕು. ಅಂಥ ಸಹಿಗಳನ್ನು ನಾನೂ ಹಾಕಿದ್ದೇನೆ, ಕೆಲವನ್ನು ಅಳುಕಿನಿಂದಲೇ. ಈ ನೌಕೆಗಳು ಅಷ್ಟೂ ಇಲ್ಲದೆ ಹೋದವು.

11 ಅಡಿಯ ಎಂಟರ್‌ಪ್ರೈಸ್ 1974ರಲ್ಲಿಯೇ ಸ್ಮಿತ್‌ಸೋನಿಯನ್ ಸಂಸ್ಥೆಯ ವಶಕ್ಕೆ ಬಂದಿತ್ತು. 2016ರಲ್ಲಿ ಅದನ್ನು ದುರಸ್ತಿಗೊಳಿಸಿ ವಾಷಿಂಗ್ಟನ್ನಿನ ವಾಯು ಮತ್ತು ಬಾಹ್ಯಾಕಾಶ ವಸ್ತುಸಂಗ್ರಹಾಲಯದಲ್ಲಿ ಮತ್ತೆ ಪ್ರದರ್ಶನಕ್ಕೆ ಇಟ್ಟರು. ಅದೇ ವರ್ಷ ನವೆಂಬರಿನಲ್ಲಿ ಥಾರ್ನ್‌ಟನ್ ತೀರಿಕೊಂಡರು.